ಬೀಳುವ ಕಲ್ಲಿಗೆ ವೇಗೋತ್ಕರ್ಷವಿದೆಯೆ?

ಉದ್ದೇಶ: ಮುಕ್ತ ಪತನ ಹಾಗೂ ಕಕ್ಷಾ ಚಲನೆಗಳನ್ನು ನ್ಯೂಟನ್ ಮತ್ತು ಐನ್‌ಸ್ಟೈನರ ದೃಷ್ಟಿಗಳಿಂದ ಹೋಲಿಸಿ ನೋಡುವುದು.

ಪೀಠಿಕೆ: ಗಗನಯಾತ್ರಿಗಳು ತೇಲುವುದೇಕೆ ಎಂದು ಕೇಳಿದರೆ, ‘ಅಲ್ಲಿ ಗುರುತ್ವವಿಲ್ಲ’ ಎಂದು ಅನೇಕ ಮಕ್ಕಳು ಉತ್ತರಿಸುತ್ತಾರೆ. ಇದು ತಪ್ಪು. ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿಯೂ ಗುರುತ್ವ ವೇಗೋತ್ಕರ್ಷವು ಸುಮಾರು 8.7 ಮೀ/ಸೆ² ಇದೆ. ನೆಲದ ಮೇಲೆ ಅದು 9.8. ಈ ತಪ್ಪನ್ನು ತಿದ್ದದೆ ಮುಂದುವರಿದರೆ ಕಕ್ಷೆಯ ಪಾಠವೇ ಅರ್ಥವಾಗದು.

ನ್ಯೂಟನ್‌ನ ವಿವರಣೆ: ಬೀಳುವ ಕಲ್ಲಿನ ವೇಗ ಹೆಚ್ಚುತ್ತದೆ. ಕಕ್ಷೆಯಲ್ಲಿರುವ ಚಂದ್ರನ ಜವ ಬಹುಮಟ್ಟಿಗೆ ಸ್ಥಿರವಾಗಿದ್ದರೂ ದಿಕ್ಕು ಎಡೆಬಿಡದೆ ಬದಲಾಗುತ್ತದೆ. ದಿಕ್ಕು ಬದಲಾದರೂ ವೇಗ ಬದಲಾದಂತೆಯೇ. ಆದ್ದರಿಂದ ಎರಡಕ್ಕೂ ಭೂಮಿಯ ಕಡೆಗೆ ವೇಗೋತ್ಕರ್ಷವಿದೆ. ಚಂದ್ರನು ಭೂಕೇಂದ್ರದಿಂದ ಭೂತ್ರಿಜ್ಯದ ಸುಮಾರು 60 ಪಟ್ಟು ದೂರದಲ್ಲಿದ್ದಾನೆ. ವಿಲೋಮ ವರ್ಗ ನಿಯಮದಂತೆ 9.8ನ್ನು 3600ರಿಂದ ಭಾಗಿಸಿದರೆ 0.0027 ಮೀ/ಸೆ² ದೊರೆಯುತ್ತದೆ. ಚಂದ್ರನ 27.3 ದಿನಗಳ ಪರಿಭ್ರಮಣದಿಂದ ಲೆಕ್ಕ ಹಾಕಿದರೂ ಇದೇ ಬೆಲೆ ಬರುತ್ತದೆ.

ಐನ್‌ಸ್ಟೈನರ ವಿವರಣೆ: ಸ್ವತಂತ್ರವಾಗಿ ಬೀಳುವವನಿಗೆ ತನ್ನ ತೂಕದ ಅನುಭವವಾಗದೆಂದು ಅವರಿಗೆ 1907ರಲ್ಲಿ ಹೊಳೆಯಿತು. 1915ರಲ್ಲಿ ಪೂರ್ಣಗೊಂಡ ಅವರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಲ್ಲಿ ಗುರುತ್ವವು ಬಲವಲ್ಲ, ದೇಶಕಾಲದ ವಕ್ರತೆ. ಬೀಳುವ ಕಲ್ಲೂ ಸುತ್ತುವ ಚಂದ್ರನೂ ಆ ವಕ್ರತೆಯಲ್ಲಿ ಸಾಧ್ಯವಾದಷ್ಟು ನೇರವಾದ ಹಾದಿಯಲ್ಲಿ ಸಾಗುತ್ತವೆ. ಅವುಗಳೊಡನೆ ವೇಗೋತ್ಕರ್ಷಮಾಪಕವನ್ನಿಟ್ಟರೆ ಅದು ಸೊನ್ನೆ ತೋರಿಸುತ್ತದೆ. ಮೇಜಿನ ಮೇಲೆ ಸುಮ್ಮನಿರುವ ಮಾಪಕವಾದರೋ ಮೇಲ್ಮುಖವಾಗಿ 9.8 ತೋರಿಸುತ್ತದೆ, ಮೇಜು ಅದನ್ನು ಮೇಲಕ್ಕೆ ಒತ್ತುತ್ತಿರುವುದೇ ಇದಕ್ಕೆ ಕಾರಣ.

‘ಹಾಗಾದರೆ ಎಲ್ಲೆಡೆ ನೆಲ ಮೇಲೇರಿ ಭೂಮಿ ಉಬ್ಬಬೇಕಲ್ಲವೆ?’ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಉಬ್ಬಬೇಕಾಗಿಲ್ಲ. ವಕ್ರ ದೇಶಕಾಲದಲ್ಲಿ ಭೂಕೇಂದ್ರದಿಂದ ಒಂದೇ ದೂರದಲ್ಲಿ ನಿಲ್ಲಬೇಕಾದರೂ ಮೇಲ್ಮುಖ ಒತ್ತಡ ಬೇಕು.

ಚಟುವಟಿಕೆ: ಪ್ಲಾಸ್ಟಿಕ್ ಬಾಟಲಿಯ ತಳದ ಬಳಿ ಸಣ್ಣ ರಂಧ್ರ ಮಾಡಿ ನೀರು ತುಂಬಿರಿ. ಮುಚ್ಚಳ ತೆರೆದಿರಲಿ. ನೀರು ಚಿಮ್ಮುತ್ತಿರುವಾಗಲೇ ಬಾಟಲಿಯನ್ನು ಎತ್ತರದಿಂದ ಕೈಬಿಡಿ. ಬೀಳುವಷ್ಟು ಹೊತ್ತು ನೀರು ಚಿಮ್ಮುವುದು ನಿಲ್ಲುತ್ತದೆ. ಬಾಟಲಿ, ನೀರು ಎರಡೂ ಒಂದೇ ವೇಗೋತ್ಕರ್ಷದಿಂದ ಬೀಳುತ್ತವೆ ಎಂಬುದು ನ್ಯೂಟನ್‌ನ ಉತ್ತರ. ಎರಡನ್ನೂ ಯಾವ ಬಲವೂ ಒತ್ತುತ್ತಿಲ್ಲ ಎಂಬುದು ಐನ್‌ಸ್ಟೈನರ ಉತ್ತರ. ಗಗನಯಾತ್ರಿಗಳು ತೇಲುವುದೂ ಹೀಗೆಯೇ: ಅವರೂ ನಿಲ್ದಾಣವೂ ಒಟ್ಟಿಗೆ ಬೀಳುತ್ತಿರುತ್ತಾರೆ.

ಶಿಕ್ಷಕರ ಗಮನಕ್ಕೆ: ಎರಡು ಉತ್ತರಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ಹೇಳಬಾರದು. ಮೊದಲನೆಯದು ನೆಲಕ್ಕೆ ಸಾಪೇಕ್ಷವಾಗಿ ಅಳೆದದ್ದು. ಎರಡನೆಯದು ವಸ್ತುವಿನ ಜೊತೆಯಲ್ಲಿಯೇ ಸಾಗುವ ಮಾಪಕದಿಂದ ಅಳೆದದ್ದು. ಶಾಲಾ ಪರೀಕ್ಷೆಯ ಲೆಕ್ಕಗಳಿಗೆ ನ್ಯೂಟನ್‌ನ ಕ್ರಮವನ್ನೇ ಅನುಸರಿಸಲಿ. ಎರಡನೆಯ ಉತ್ತರ ನೀಡಿದ ಮಗುವನ್ನು ಮಾತ್ರ ಸುಮ್ಮನಾಗಿಸದೆ, ‘ಯಾವುದಕ್ಕೆ ಸಾಪೇಕ್ಷವಾಗಿ?’ ಎಂದು ಕೇಳಿ ಚರ್ಚೆಯನ್ನು ಮುಂದುವರಿಸಿರಿ.

ಪ್ರಶ್ನೆಗಳು:
1. ಸ್ಥಿರ ಜವದಿಂದ ವೃತ್ತದಲ್ಲಿ ಚಲಿಸುವ ವಸ್ತುವಿಗೆ ವೇಗೋತ್ಕರ್ಷವಿದೆಯೆ? ಏಕೆ?
2. ರಂಧ್ರವಿರುವ ಬಾಟಲಿಯನ್ನು ಮೇಲಕ್ಕೆ ಎಸೆದರೆ, ಕೈ ಬಿಟ್ಟ ಮೇಲೆ ನೀರು ಚಿಮ್ಮುವುದೆ?