ಪೆಟ್ಟಿಗೆ ಕೆಟ್ಟ ದಿನ ಹಾಡು ಎಲ್ಲಿರುತ್ತದೆ?

ಮನೆಯ ಹಾಡುಗಳನ್ನೆಲ್ಲ ಒಂದೆಡೆ ಕೂಡಿಟ್ಟು ಫೋನಿನಲ್ಲೂ ಟಿವಿಯಲ್ಲೂ ಕೇಳಲು ಅನುವು ಮಾಡಿಕೊಡುವ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಗೆ ನ್ಯಾಸ್ ಅನ್ನುತ್ತಾರೆ. ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎಷ್ಟು ಟಿಬಿ, ಎಷ್ಟು ವೇಗ ಎಂದು. ಯಾದಗಿರಿ, ಶಹಾಪುರ, ಸುರಪುರದ ಮನೆಗಳ ಮಟ್ಟಿಗೆ ಇವೆರಡೂ ಹಿಂದೆ ಕೂರಬೇಕಾದ ಪ್ರಶ್ನೆಗಳು ಎಂಬುದು ಬಳಸುತ್ತಾ ನನಗೆ ಮನವರಿಕೆಯಾದ ಸಂಗತಿ. ಮೊದಲು ಕೇಳಬೇಕಾದದ್ದು ಬೇರೆ: ಪೆಟ್ಟಿಗೆ ಕೆಟ್ಟ ದಿನ ಊರಿನ ಸಾದಾ ಕಂಪ್ಯೂಟರ್ ಅಂಗಡಿಯಲ್ಲೇ ಹಾಡುಗಳು ಸಿಗುತ್ತವೆಯೇ?

ಜಾಗದ ಲೆಕ್ಕ ಸರಳ. ಸಿಡಿ ಗುಣಮಟ್ಟದ ಧ್ವನಿ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಏನೂ ಕಳೆದುಕೊಳ್ಳದೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ ಇದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 60 ನಿಮಿಷದ ಒಂದು ಕ್ಯಾಸೆಟ್ಟಿಗೆ 350 ಎಂಬಿ ಹಿಡಿದರೂ 500 ಕ್ಯಾಸೆಟ್ಟುಗಳಿಗೆ 175 ಜಿಬಿ. 1 ಟಿಬಿ ಡಿಸ್ಕಿನ ಕಾಲು ಭಾಗವೂ ತುಂಬುವುದಿಲ್ಲ. ವೇಗದ್ದೂ ಅಷ್ಟೇ. ಕುಗ್ಗಿಸದ ಸಿಡಿ ಧ್ವನಿಗೂ ಸೆಕೆಂಡಿಗೆ 1.4 ಮೆಗಾಬಿಟ್ ಸಾಕು, ಹಳೆಯ 100 ಮೆಗಾಬಿಟ್ ರೂಟರ್ ಇಡೀ ಓಣಿಗೆ ಹಾಡು ಕೇಳಿಸಬಲ್ಲದು. ಸಿನಿಮಾ ಕೂಡಿಡುವವರ ಲೆಕ್ಕ ಬೇರೆ, ಅವರ ಸಲಹೆ ಕೇಳಿ ಹಾಡಿನವರು ದುಡ್ಡು ಸುರಿಯಬಾರದು.

ಎಲ್ಲವೂ ಇಂಟರ್ನೆಟ್ಟಿನಲ್ಲಿರುವಾಗ ಇದರ ಉಸಾಬರಿ ಯಾಕೆ ಎಂಬ ಮಾತಿದೆ. ಮಲ್ಲಿಕಾರ್ಜುನ ಮನಸೂರರು, ಭೀಮಸೇನ ಜೋಶಿಯವರು ಅಲ್ಲಿ ಸಿಗುತ್ತಾರೆ, ಒಪ್ಪಿದೆ. ಆದರೆ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲೋ ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲೋ ಯಾರೋ ಟೇಪಿಗೆ ತುಂಬಿಕೊಂಡ ಹಾಡು, ಮೊಹರಂನ ಅಲಾಯಿ ಪದ, ಏಕತಾರಿ ಹಿಡಿದು ರಾತ್ರಿಯಿಡೀ ಹಾಡಿದ ತತ್ವಪದ ಅಲ್ಲಿ ಸಿಗುವ ಭರವಸೆ ಇಲ್ಲ. ಎಷ್ಟೋ ಸಲ ಆ ದನಿಯ ಏಕೈಕ ಪ್ರತಿ ಒಂದು ಮನೆಯ ಕ್ಯಾಸೆಟ್ಟಿನಲ್ಲೋ ಮೆಮರಿ ಕಾರ್ಡಿನಲ್ಲೋ ಇರುತ್ತದೆ. ಗೊರಗೊರ ಅನ್ನುವ ಕ್ಯಾಸೆಟ್ಟಿಗೆ ಫ್ಲ್ಯಾಕ್ ಯಾಕೆ, ಎಂಪಿತ್ರೀ ಸಾಲದೇ ಎಂದರೆ, ಸವೆದ ಟೇಪು ಮತ್ತೊಮ್ಮೆ ಅಷ್ಟೇ ಚೆನ್ನಾಗಿ ಓಡುವ ಖಾತ್ರಿ ಇಲ್ಲ. ಮೂಲ ಪ್ರತಿ ಪೂರ್ತಿಯಾಗಿರಲಿ, ಫೋನಿಗೆ ಬೇಕಾದ ಎಂಪಿತ್ರೀ ಅದರಿಂದ ಯಾವಾಗ ಬೇಕಾದರೂ ಹೊರಡುತ್ತದೆ.

ಈಗ ಕೊಳ್ಳುವ ಮಾತು. ಸೈನಾಲಜಿ ಡಿಎಸ್223ಜೆ, ಕ್ಯೂನ್ಯಾಪ್ ಟಿಎಸ್-233 ಥರದ ಎರಡು ಡಿಸ್ಕಿನ ಪೆಟ್ಟಿಗೆಗಳು ಚೆನ್ನಾಗಿವೆ, ಬಳಸಲು ಸುಲಭ. ಆದರೆ ಡಿಸ್ಕುಗಳನ್ನು ಬೇರೆಯಾಗಿ ಕೊಳ್ಳಬೇಕು. ಒಂದೇ ಮಾಹಿತಿಯನ್ನು ಎರಡೂ ಡಿಸ್ಕುಗಳಲ್ಲಿ ಬರೆಯುವ ರೇಯ್ಡ್ ಇದೆಯಲ್ಲ ಎಂಬ ಸಮಾಧಾನವೂ ಅರೆಬರೆ. ರೇಯ್ಡ್ ಕಾಯುವುದು ಒಂದು ಡಿಸ್ಕ್ ಸತ್ತಾಗ ಮಾತ್ರ. ಸಿಡಿಲು, ಕಳ್ಳತನ, ಮಕ್ಕಳು ತಪ್ಪಿ ಅಳಿಸಿದ್ದು, ಇವು ಎರಡನ್ನೂ ಒಟ್ಟಿಗೇ ಒಯ್ಯುತ್ತವೆ. ಜೊತೆಗೆ ಈ ಪೆಟ್ಟಿಗೆಗಳು ಡಿಸ್ಕನ್ನು ಲಿನಕ್ಸ್ ರೀತಿಯಲ್ಲಿ ಬರೆಯುವುದರಿಂದ ಅಂಗಡಿಯ ವಿಂಡೋಸ್ ಯಂತ್ರಕ್ಕೆ ಚುಚ್ಚಿದರೆ ನೇರವಾಗಿ ತೆರೆಯುವುದಿಲ್ಲ. ಆ ದುಡ್ಡಿಗೆ ಮನೆಯಲ್ಲಿ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಮತ್ತು ಎರಡು ಪೋರ್ಟಬಲ್ ಡಿಸ್ಕ್ ಒಳ್ಳೆಯ ಜೋಡಿ ಎಂಬುದು ನನ್ನ ವಾದ. ಲ್ಯಾಪ್‌ಟಾಪನ್ನು ನ್ಯಾಸ್ ಆಗಿಸುವ ಓಪನ್‌ಮೀಡಿಯಾವಾಲ್ಟ್, ಅದರಿಂದ ಫೋನಿಗೆ ಹಾಡು ಕೇಳಿಸುವ ನ್ಯಾವಿಡ್ರೋಮ್, ಎರಡೂ ತಂತ್ರಾಂಶಗಳು ಪುಕ್ಕಟೆ. ಕರೆಂಟು ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್. ಬರೆಯುತ್ತಿದ್ದ ಡಿಸ್ಕ್ ನಡುವೆ ನಿಲ್ಲುವುದಿಲ್ಲ. ಆದರೆ ಡಿಸ್ಕ್ ಯುಎಸ್‌ಬಿಯಿಂದಲೇ ಕರೆಂಟು ಪಡೆಯುವ ಎರಡೂವರೆ ಇಂಚಿನದಾಗಿರಬೇಕು. ಗೋಡೆಗೆ ಅಡಾಪ್ಟರ್ ಚುಚ್ಚುವ ದೊಡ್ಡ ಡಿಸ್ಕಿಗೆ ಆ ಬ್ಯಾಟರಿ ನೆರವಾಗದು. ಉಬ್ಬಿದ ಬ್ಯಾಟರಿಯ ಲ್ಯಾಪ್‌ಟಾಪನ್ನು ಮಾತ್ರ ಹಾಗೇ ಬಳಸಬೇಡಿ, ಬೆಂಕಿಯ ಭಯವಿದೆ. ವಿದ್ಯುತ್ ಬಿಲ್ಲಿನ ಆಕ್ಷೇಪಕ್ಕೂ ಲೆಕ್ಕವೇ ಉತ್ತರ: 15 ವ್ಯಾಟಿನ ಲ್ಯಾಪ್‌ಟಾಪ್ ವರ್ಷವಿಡೀ ಓಡಿದರೆ ಸುಮಾರು 131 ಯೂನಿಟ್, 50 ವ್ಯಾಟಿನ ಡೆಸ್ಕ್‌ಟಾಪ್ ಆದರೆ 438. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ಯಾವ ಯಂತ್ರವನ್ನೂ ಬಾಗಿಲು ಹಾಕಿದ ಅಲಮಾರಿಯಲ್ಲಿ ಇಡಬಾರದು. ಕೋಣೆಯ ಬಿಸಿಗೆ ಡಿಸ್ಕಿನ ಸ್ವಂತ ಬಿಸಿಯೂ ಸೇರುತ್ತದೆ. ಬಿಸಿಲಿನ ಗೋಡೆಯಿಂದ ದೂರ, ಗಾಳಿಯಾಡುವ ಕಡೆ ಇಡಿ.

ಲ್ಯಾಪ್‌ಟಾಪಿನ ಡಿಸ್ಕೂ ಲಿನಕ್ಸ್ ರೀತಿಯದ್ದೇ ತಾನೇ ಎಂದು ಕೇಳುವವರು ಸರಿಯಾಗಿಯೇ ಕೇಳುತ್ತಾರೆ. ಅದಕ್ಕೇ ಎರಡನೇ ಡಿಸ್ಕ್. ಅದನ್ನು ವಿಂಡೋಸ್ ಯಂತ್ರವೂ ನೇರವಾಗಿ ತೆರೆಯಬಲ್ಲ ಎಕ್ಸ್‌ಫ್ಯಾಟ್ ರೂಪದಲ್ಲಿಟ್ಟು, ಹಾಡು ನಕಲಿಸಿ, ಕಿತ್ತು, ಬೇರೆ ಊರಿನ ನೆಂಟರ ಮನೆಯಲ್ಲಿಡಬೇಕು. ಶಹಾಪುರದ್ದು ಸುರಪುರದಲ್ಲಿ, ಸುರಪುರದ್ದು ಯಾದಗಿರಿಯಲ್ಲಿ. ಎರಡು ಡಿಸ್ಕಿನ ಪೆಟ್ಟಿಗೆ ಕೊಂಡವರೂ ಇಂಥ ಮೂರನೇ ಡಿಸ್ಕ್ ಇಟ್ಟರೆ ನನ್ನ ತಕರಾರಿಲ್ಲ, ಖರ್ಚು ಹೆಚ್ಚು ಅಷ್ಟೇ. ಕ್ಲೌಡ್ ಇದೆಯಲ್ಲ ಎಂದರೆ, ದಿನಕ್ಕೆ 2 ಜಿಬಿ ಮೊಬೈಲ್ ಡೇಟಾದಲ್ಲಿ 175 ಜಿಬಿ ಏರಿಸಲು ಸುಮಾರು ಮೂರು ತಿಂಗಳು, ಆಮೇಲೆ ತಪ್ಪದ ಬಾಡಿಗೆ.

ಹಾಡಿದವರ ಹೆಸರು, ಊರು, ವರ್ಷವನ್ನು ಆ್ಯಪಿನ ಪಟ್ಟಿಯಲ್ಲಷ್ಟೇ ತುಂಬಿದರೆ ಯಂತ್ರ ಹೋದಾಗ ಅವೂ ಹೋಗಬಹುದು. ಕನ್ನಡದಲ್ಲೇ ಫೈಲಿನ ಹೆಸರಾಗಿ ಬರೆಯಿರಿ, ಡಿಸ್ಕ್ ಯಾವ ಯಂತ್ರಕ್ಕೆ ಹೋದರೂ ಜೊತೆಗೆ ಹೋಗುತ್ತವೆ.