ಅರವತ್ತರ ಹೊಸ್ತಿಲಲ್ಲಿ ಬಾಡಿಗೆ ಮನೆ: ಕಟ್ಟುವ ಮುನ್ನ ಹಾಕಬೇಕಾದ ಲೆಕ್ಕ



ಬೆಳಗಿನ ಜಾವ ಎದ್ದು ಕೊಟ್ಟಿಗೆ ಬಳಿಯುವುದು, ಹುಲ್ಲಿನ ಹೊರೆ ಹೊರುವುದು, ಎರಡು ಹೊತ್ತು ಹಾಲು ಕರೆಯುವುದು ಐವತ್ತೈದು ದಾಟಿದ ಮೇಲೆ ಮೊದಲಿನಷ್ಟು ಸುಲಭವಲ್ಲ. ಮಕ್ಕಳು ಬೆಂಗಳೂರು, ಮೈಸೂರು ಸೇರಿದ್ದರೆ ಕೈಗೆ ಆಸರೆಯೂ ಇರುವುದಿಲ್ಲ. ಹಾಗಾಗಿ ಹಸು ಕಡಿಮೆ ಮಾಡಿ, ಇರುವ ಸೈಟಿನಲ್ಲಿ ಎರಡು ಮೂರು ಮನೆ ಕಟ್ಟಿ ಬಾಡಿಗೆಗೆ ಬಿಡೋಣವೆಂಬ ಮಾತು ಡೇರಿ ಕಟ್ಟೆಯ ಮೇಲೆ ಆಗಾಗ ಬರುತ್ತದೆ. ಯೋಚನೆ ತಪ್ಪಲ್ಲ. ಆದರೆ ಮೂವತ್ತರ ವಯಸ್ಸಿನವರು ಕೈ ಸುಟ್ಟುಕೊಂಡರೆ ಮತ್ತೆ ದುಡಿದು ತುಂಬಿಕೊಳ್ಳಬಹುದು. ಅರವತ್ತರಲ್ಲಿ ಆ ಅವಕಾಶ ಕಡಿಮೆ. ಆದ್ದರಿಂದ ಇಟ್ಟಿಗೆ ಇಳಿಸುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕಿ.

ಒಂದು ಉದಾಹರಣೆ ನೋಡೋಣ. ತಾಲ್ಲೂಕು ಕೇಂದ್ರದ ಅಂಚಿನಲ್ಲಿ ನಿಮ್ಮದೇ ಸೈಟು ಇದೆ. ತಲಾ 300 ಚದರಡಿಯ ಮೂರು ಸಣ್ಣ ಮನೆ ಕಟ್ಟುತ್ತೀರಿ. ಚದರಡಿಗೆ 1,800 ರೂಪಾಯಿಯಂತೆ 16.2 ಲಕ್ಷ; ನೀರಿನ ತೊಟ್ಟಿ, ಕರೆಂಟು, ಚರಂಡಿ ಸೇರಿ 18 ಲಕ್ಷ ಎಂದಿಟ್ಟುಕೊಳ್ಳಿ. ಮನೆಗೆ 4,000 ರೂಪಾಯಿ ಬಾಡಿಗೆಯಾದರೆ ವರ್ಷಕ್ಕೆ 1,44,000. ಇಲ್ಲಿಗೆ ಲೆಕ್ಕ ನಿಲ್ಲಿಸುವವರೇ ಹೆಚ್ಚು. ಹಸು ಕರು ಹಾಕುವ ಮುನ್ನ ಸುಮಾರು ಎರಡು ತಿಂಗಳು ಹಾಲು ಬತ್ತಿಸುತ್ತೀರಲ್ಲವೇ? ಆ ದಿನಗಳಲ್ಲಿ ಹಾಲಿಲ್ಲ, ಮೇವು ಮಾತ್ರ ಹಾಕಲೇಬೇಕು. ಮನೆಯೂ ಹಾಗೆಯೇ. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ಮಧ್ಯೆ ಬಾಡಿಗೆ ಇಲ್ಲ, ಸುಣ್ಣಬಣ್ಣದ ಖರ್ಚು ಉಂಟು. ವರ್ಷಕ್ಕೆ ಪ್ರತಿ ಮನೆ ಒಂದು ತಿಂಗಳು ಖಾಲಿ ಎಂದು 12,000, ದುರಸ್ತಿಗೆ 10,000, ಕಂದಾಯಕ್ಕೆ 3,000 ಕಳೆಯಿರಿ. ಉಳಿಯುವುದು 1,19,000. ಹಾಕಿದ ಹಣಕ್ಕೆ ಇದು ಶೇ 6.6.

ಅದೇ 18 ಲಕ್ಷವನ್ನು 60 ತುಂಬಿದವರು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ? 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ 8.2 ಆಯಿತು, ಠೇವಣಿಯ ಮಿತಿ 30 ಲಕ್ಷಕ್ಕೆ ಏರಿತು. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ಹಣ ಇಡುವ ದಿನದ ದರ ಕೇಳಿಕೊಳ್ಳಬೇಕು. ಶೇ 8.2ರಂತೆ ವರ್ಷಕ್ಕೆ 1,47,600 ರೂಪಾಯಿ, ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. ನಲ್ಲಿ ಸೋರುತ್ತದೆ ಎಂದು ರಾತ್ರಿ ಯಾರೂ ಫೋನ್ ಮಾಡುವುದಿಲ್ಲ. ಹಾಗಾದರೆ ಮನೆ ಏಕೆ? ಬಾಡಿಗೆ ಕಾಲಕಾಲಕ್ಕೆ ಏರುತ್ತದೆ, ಆಸ್ತಿ ಉಳಿಯುತ್ತದೆ. ಠೇವಣಿಯ ಬಡ್ಡಿ ಐದು ವರ್ಷವೂ ಅಷ್ಟೇ, ಅಸಲೂ ಅಷ್ಟೇ. ನಮ್ಮ ಅಭಿಪ್ರಾಯದಲ್ಲಿ ಇದ್ದ ಹಣವನ್ನೆಲ್ಲ ಗೋಡೆಗೆ ಸುರಿಯುವುದು ಬೇಡ. ಮೂರು ಮನೆಯ ಬದಲು ಒಂದೋ ಎರಡೋ ಕಟ್ಟಿ, ಮೇಲೆ ಮಹಡಿ ಎತ್ತಲು ಆಗುವಂತೆ ಪಾಯ ಗಟ್ಟಿ ಹಾಕಿಸಿ, ಉಳಿದದ್ದನ್ನು ಠೇವಣಿ ಇಡಿ. ಆಸ್ಪತ್ರೆ ಖರ್ಚು ಬಂದಾಗ ಗೋಡೆಯ ಇಟ್ಟಿಗೆ ಬಿಚ್ಚಿ ಮಾರಲಾಗದು.

ಇನ್ನು ಸಾಲ ಮಾಡಿ ಕಟ್ಟುವ ಮಾತು. ಸಾಲಗಾರರಿಗೆ 70 ಅಥವಾ 75 ತುಂಬುವುದರೊಳಗೆ ಸಾಲ ತೀರುವಂತೆ ಬ್ಯಾಂಕುಗಳು ಸಾಮಾನ್ಯವಾಗಿ ಕಂತು ಹಾಕುವುದರಿಂದ ನಿಮಗೆ ಸಿಗುವುದು ಹತ್ತು ಹನ್ನೆರಡು ವರ್ಷ. 10 ಲಕ್ಷ ಸಾಲ, ಶೇ 9.5 ಬಡ್ಡಿ, ಹತ್ತು ವರ್ಷವಾದರೆ ತಿಂಗಳ ಕಂತು ಸುಮಾರು 12,940 ರೂಪಾಯಿ. ಮೂರೂ ಮನೆ ತುಂಬಿದ್ದರೂ ಬರುವ ಬಾಡಿಗೆ 12,000. ಉಳಿದದ್ದನ್ನು ಹಾಲಿನ ಬಟವಾಡೆಯಿಂದಲೇ ಕಟ್ಟಬೇಕು, ಅಂದರೆ ಹಸು ಕಡಿಮೆ ಮಾಡಲು ಹೊರಟವರು ಇನ್ನೊಂದು ಹಸು ಕಟ್ಟಬೇಕಾಗುತ್ತದೆ!

ಸಾಲಕ್ಕೆ ಬದಲು ಭೋಗ್ಯಕ್ಕೆ ಹಾಕುವವರಿದ್ದಾರೆ. ಮೂರು ಲಕ್ಷ ಒಟ್ಟಿಗೆ ಕೈಗೆ ಬರುತ್ತದೆ, ಬಾಡಿಗೆ ಇಲ್ಲ, ಮೂರು ವರ್ಷದ ನಂತರ ಹಣ ಹಿಂತಿರುಗಿಸಬೇಕು. ಹೆಸರು ಏನೇ ಇರಲಿ, ಇದೂ ಸಾಲವೇ. ಆ ಹಣ ಮಗಳ ಮದುವೆಗೋ ಕೊಳವೆ ಬಾವಿಗೋ ಹೋದರೆ ಮೂರು ವರ್ಷದ ನಂತರ ಕೊಡಲು ಏನೂ ಇರುವುದಿಲ್ಲ. ಆಗ ಹೊಸ ಭೋಗ್ಯದಾರರನ್ನು ಹುಡುಕಿ ಹಳಬರಿಗೆ ಕೊಡುವುದು, ಸಿಗದಿದ್ದರೆ ಹಳಬರು ಮನೆ ಬಿಡದಿರುವುದು. ಮನೆ ನಿಮ್ಮದೇ, ವರಮಾನ ಮಾತ್ರ ಸೊನ್ನೆ. ಮುಪ್ಪಿನಲ್ಲಿ ಬೇಕಿರುವುದು ತಿಂಗಳ ವರಮಾನ. ಹಾಗಾಗಿ ಭೋಗ್ಯ ಬೇಡವೆಂದೇ ನಾವು ಹೇಳುತ್ತೇವೆ.

ಜಾಗದ ದಾಖಲೆ ಮೊದಲು ನೋಡಿ. ಕೃಷಿ ಜಮೀನಿನ ಮೂಲೆಯಲ್ಲಿ ಬಾಡಿಗೆ ಮನೆ ಕಟ್ಟಬೇಕಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಆಗಬೇಕು. ಪಂಚಾಯಿತಿ ವ್ಯಾಪ್ತಿಯ ಸೈಟಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11-ಎ ಇದೆಯೇ ಕೇಳಿ. 11-ಬಿ ಮಾತ್ರ ಇದ್ದರೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, ಕಟ್ಟಿದ ಮೇಲೆ ತಕರಾರು ಏಳುವುದಕ್ಕಿಂತ ಮೊದಲೇ ಕುಳಿತು ಮಾತಾಡುವುದು ಲೇಸು. ಸೈಟು ಹೊಸದಾಗಿ ಕೊಳ್ಳುವವರು ಋಣಭಾರ ಪತ್ರ ತೆಗೆಸದೆ ಮುಂಗಡ ಕೊಡಬೇಡಿ.

ಕೊಟ್ಟಿಗೆಯ ಪಕ್ಕದಲ್ಲೇ ಮನೆ ಕಟ್ಟುವವರಿಗೆ ಒಂದು ಮಾತು: ನಮಗೆ ಗಂಜಲದ ವಾಸನೆ ಗೊತ್ತಾಗುವುದಿಲ್ಲ, ಬಾಡಿಗೆಗೆ ಬರುವ ಮೇಷ್ಟ್ರು ಮನೆಯವರಿಗೆ ಗೊತ್ತಾಗುತ್ತದೆ. ತಿಪ್ಪೆಗುಂಡಿ ದೂರವಿರಲಿ. ಪ್ರತಿ ಮನೆಗೂ ಬೇರೆ ಮೀಟರ್, ಬೇರೆ ಆರ್.ಆರ್. ನಂಬರ್ ಮಾಡಿಸಿ. ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದಾದ್ದರಿಂದ ಬೇರೆ ಮೀಟರ್ ಇರುವ ಮನೆಯನ್ನು ಜನ ಕೇಳಿಕೊಂಡು ಬರುತ್ತಾರೆ, ಬಿಲ್ಲಿನ ಜಗಳವೂ ಇರುವುದಿಲ್ಲ.

ಪರಿಚಯದವರಾದರೂ ಕರಾರು ಪತ್ರ ಬರೆಸಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, 11 ತಿಂಗಳ ಕರಾರು ರೂಢಿಗೆ ಬಂದದ್ದು ಆ ಕಾರಣಕ್ಕೆ. ಬಾಡಿಗೆ, ಮುಂಗಡ, ಎಷ್ಟು ದಿನ ಮೊದಲು ತಿಳಿಸಿ ಬಿಡಬೇಕು, ಮುಂದಿನ ಸಲ ಎಷ್ಟು ಏರಿಕೆ ಎಂಬುದೆಲ್ಲ ಅದರಲ್ಲಿರಲಿ. ಮುಂಗಡದ ಹಣವನ್ನು ಮುಟ್ಟದೆ ಬ್ಯಾಂಕಿನಲ್ಲಿಡಿ, ಅದು ನಿಮ್ಮದಲ್ಲ. ಬಾಡಿಗೆ ಕೃಷಿ ಆದಾಯವಲ್ಲ ಎಂಬುದೂ ನೆನಪಿರಲಿ. ತೆರಿಗೆ ಕಟ್ಟುವಷ್ಟು ಆದಾಯವಿದ್ದರೆ, ಕಟ್ಟಿದ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30ರಷ್ಟು ವಿನಾಯಿತಿ ಸಿಗುತ್ತದೆ.

ಮನೆ ಎದ್ದು ಬಾಡಿಗೆ ಬರತೊಡಗಿದ ಮೇಲೆ ‘ಮಗನ ಹೆಸರಿಗೆ ಮಾಡಿಬಿಡಿ’ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಅವಸರ ಬೇಡ. ಉಯಿಲು ಬರೆದರೆ ನೀವಿರುವತನಕ ಆಸ್ತಿ ನಿಮ್ಮದೇ. ಇಬ್ಬರು ಸಾಕ್ಷಿಗಳ ರುಜು ಬೇಕು, ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸುವುದು ಒಳ್ಳೆಯದು. ದಾನಪತ್ರವನ್ನೇ ಮಾಡುವುದಾದರೆ ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ದಾನಪತ್ರ ರದ್ದುಪಡಿಸುವಂತೆ ಕೇಳಬಹುದು.

ಬಾಡಿಗೆ ಜಮೆಯಾಗುವ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರಲಿ, ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯುವಂತಿರಲಿ. ಬ್ಯಾಂಕಿನಲ್ಲಿ ಅದಕ್ಕೊಂದು ಅರ್ಜಿ ಇದೆ, ಖಾತೆ ತೆರೆಯುವ ದಿನವೇ ಕೇಳಿ ತುಂಬಿಸಿಕೊಳ್ಳಿ.