ಕಟ್ಟು ಬಿಚ್ಚಿಸಿ ನೋಡಿ

ಎಂ.ಎ. ಮುಗಿಸಿ ಸಂಶೋಧನೆಗೆ ಹೊರಟಿದ್ದೀರಿ. ಹಿರಿಯರ ಬುದ್ಧಿಮಾತು ಕೇಳಿ ಕೇಳಿ ಕಿವಿ ತೂತಾಗಿರುತ್ತದೆ, ಗೊತ್ತು. ಆದರೂ ಒಂದನ್ನು ಕೇಳಬೇಕಾಗಿದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಮುಂದೆ ನಿಂತು ಫೋಟೊ ತೆಗೆಸಿಕೊಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ಒಳಗೆ ಹೋಗಿ, ಇಂಥ ಸಂಖ್ಯೆಯ ಓಲೆಕಟ್ಟು ಬೇಕು ಎಂದು ಬರೆದುಕೊಟ್ಟವರು ಎಷ್ಟು ಮಂದಿ?

ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ನೆನಪಿಗೆ ಎದ್ದ ಕಟ್ಟಡ ಅದು. 1891ರಲ್ಲಿ ಚಾಮರಾಜ ಒಡೆಯರು ಅಲ್ಲಿ ಹಸ್ತಪ್ರತಿಗಳ ಭಂಡಾರ ತೆರೆಸಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಭಂಡಾರವೂ ಅದರ ಮಡಿಲಿಗೆ ಬಂತು. ಅಂದರೆ ಅದು ನಿಮ್ಮದೇ ಲೈಬ್ರರಿ. ಹೊರಗಿನವರಂತೆ ಅಳುಕಬೇಕಾಗಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದ ಕತೆ ನಿಮಗೆ ಗೊತ್ತಿದೆ, ಆದರೆ ಅರ್ಧ ಗೊತ್ತಿದೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಓಲೆಕಟ್ಟನ್ನು ಇಲ್ಲಿಗೆ ತಂದುಕೊಟ್ಟರು. ಕೌಟಿಲ್ಯನ ಹೆಸರು ದಂಡಿಗೂ ಬಾಣನಿಗೂ ಗೊತ್ತಿತ್ತು. ಅವನ ಗ್ರಂಥ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಆ ಕಟ್ಟನ್ನು ಬಿಚ್ಚಿ ಸಾಲು ಸಾಲಾಗಿ ಓದಿ, ಇದು ಅದೇ ಎಂದು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಸರ್ಕಾರದ ಹಣ ನುಂಗುವ ನಲವತ್ತು ದಾರಿಗಳನ್ನು ಪಟ್ಟಿಮಾಡಿಟ್ಟ ಗ್ರಂಥ! (ನಮ್ಮ ಕಾಲದಲ್ಲಿ ಪಟ್ಟಿ ಇನ್ನಷ್ಟು ಬೆಳೆದಿದೆ, ಬಿಡಿ.) ಉಳಿದರ್ಧ ಕತೆ ಇದು: ಆಮೇಲೆ ಹುಡುಕಿದಾಗ ಕೇರಳದಲ್ಲಿ ಬೇರೆ ಪ್ರತಿಗಳೂ ಸಿಕ್ಕವು, ಅವನ್ನು ಇಟ್ಟುಕೊಂಡು ಗಣಪತಿ ಶಾಸ್ತ್ರಿಗಳು ತಿರುವನಂತಪುರದಿಂದ ಇನ್ನೊಂದು ಪರಿಷ್ಕರಣ ತಂದರು. ಗ್ರಂಥ ಕಳೆದುಹೋಗಿರಲಿಲ್ಲ, ಓದುವವರು ಬಂದಿರಲಿಲ್ಲ. ಇಂದು ಗಾಜಿನ ಪೆಟ್ಟಿಗೆಯೊಳಗಿನ ಓಲೆಗೆ ಕೈಮುಗಿದು ಬರುವವರನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ಶಾಸ್ತ್ರಿಗಳು ಕೈಮುಗಿದು ಸುಮ್ಮನಿದ್ದಿದ್ದರೆ?

ಹಾಗಾಗಿ ಮೊದಲು ಅಕ್ಷರ ಕಲಿಯಿರಿ. ಹಳೆಯ ಓಲೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದ ಕಾಣುವುದಿಲ್ಲ. ಪದ್ಯವೋ ಗದ್ಯವೋ ಎಂಬುದನ್ನೂ ಛಂದಸ್ಸು ಬಲ್ಲವರೇ ಹೇಳಬೇಕು. ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಗೆರೆಗೆ ಮಸಿ ಪೂಸದಿದ್ದರೆ ಅಕ್ಷರವೇ ಇಲ್ಲವೆಂಬಂತೆ ಎಲೆ ಬೋಳಾಗಿರುತ್ತದೆ. ಮೊದಲ ವಾರ ಒಂದು ಎಲೆಯೂ ಮುಗಿಯುವುದಿಲ್ಲ, ಮುಗಿಯಬೇಕೆಂದು ಹಟ ಹಿಡಿಯಲೂಬೇಡಿ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಲಿಪಿಕಾರ ಎಲ್ಲೆಲ್ಲಿ ಎಡವುತ್ತಾನೆ, ಯಾಕೆ ಎಡವುತ್ತಾನೆ ಎಂಬುದನ್ನು ಅಷ್ಟು ತಾಳ್ಮೆಯಿಂದ ಹೇಳಿದವರು ವಿರಳ. ಕನ್ನಡ ಕೂತ ಮೇಲೆ ಗ್ರಂಥ, ತಿಗಳಾರಿ, ಮೋಡಿ, ಇವುಗಳಲ್ಲಿ ಒಂದನ್ನಾದರೂ ಹಿಡಿಯಿರಿ. ಬಲ್ಲವರು ಕಡಿಮೆಯಾಗುತ್ತಿದ್ದಾರೆ, ಇದ್ದವರಿಗೆ ವಯಸ್ಸಾಗುತ್ತಿದೆ.

ಕೃತಿಗಿಂತ ಮೊದಲು ಕೊನೆಯ ಎಲೆ ನೋಡುವುದು ನನ್ನ ಅಭ್ಯಾಸ. ಬರೆದವನು ಯಾರು, ಯಾರಿಗಾಗಿ ಬರೆದ, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಎಲ್ಲ ಅಲ್ಲೇ ಸಿಗುತ್ತದೆ. ಶಕವರ್ಷ ಕೊಡದೆ ಬರೀ ಸಂವತ್ಸರದ ಹೆಸರು ಬರೆದಿದ್ದರೆ ಎಚ್ಚರ: ಅದು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವಂಥದು, ನೀವು ಒಂದೋ ಎರಡೋ ಆವರ್ತ ತಪ್ಪಬಹುದು. ವಾರವನ್ನೂ ತಿಥಿಯನ್ನೂ ಹೊಂದಿಸಿ ನೋಡಿ. ಬೆನ್ನು ಬಾಗಿಸಿ ಬರೆದಿದ್ದೇನೆ, ಎಣ್ಣೆ ನೀರು ತಾಗಿಸಬೇಡಿ, ಸಡಿಲವಾಗಿ ಕಟ್ಟಬೇಡಿ, ಮೂರ್ಖರ ಕೈಗೆ ಕೊಡಬೇಡಿ ಎಂಬ ಅರ್ಥದ ಮೊರೆಯನ್ನೂ ಎಷ್ಟೋ ಲಿಪಿಕಾರರು ಅಲ್ಲಿ ಬರೆದಿರುತ್ತಾರೆ. ಆ ಕೊನೆಯ ಮಾತು ನಮ್ಮ ಬಗ್ಗೆಯೇ ಇದ್ದೀತು ಎಂದು ಅಂಜುತ್ತಲೇ ಮುಂದಿನ ಎಲೆ ತಿರುಗಿಸಬೇಕು.

ಬರಹದಷ್ಟೇ ಚಿತ್ರಕ್ಕೂ ಸಮಯ ಕೊಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ‘ಶ್ರೀತತ್ತ್ವನಿಧಿ’ಯ ಒಂದು ಪ್ರತಿ ಇದೇ ಸಂಶೋಧನಾಲಯದಲ್ಲಿದೆ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ ಆ ಅರಸರ ಆಸ್ಥಾನ ಕವಿ, ಪಂಡಿತ, ಚಿತ್ರಕಾರರಿಂದ ತುಂಬಿತ್ತು. ಗ್ರಂಥದ ಭಾಗಗಳು ಒಂಬತ್ತು ನಿಧಿಗಳು: ಶಕ್ತಿ, ವಿಷ್ಣು, ಶಿವ, ಗ್ರಹ ಎಂದು ಸಾಗಿ ಕೌತುಕನಿಧಿಗೆ ಮುಗಿಯುತ್ತದೆ. ಧ್ಯಾನಶ್ಲೋಕ ಹೇಳಿದ ರೂಪವನ್ನು ಚಿತ್ರಕಾರ ಬಣ್ಣದಲ್ಲಿ ಮೂಡಿಸಿದ್ದಾನೆ. ಎರಡನ್ನೂ ಎದುರುಬದುರು ಇಟ್ಟು ಓದಿ, ಎಲ್ಲಿ ಅವನು ಶ್ಲೋಕ ಬಿಟ್ಟು ತನ್ನ ಕಣ್ಣನ್ನು ನಂಬಿದ್ದಾನೆ ಎಂದು ಹುಡುಕಿ. ಕೌತುಕನಿಧಿಯಲ್ಲಿ 122 ಯೋಗಾಸನಗಳಿವೆ, ಹಗ್ಗ ಹಿಡಿದು ಮಾಡುವವೂ ಸೇರಿ. ಮೈಸೂರು ಅರಮನೆಯಲ್ಲಿದ್ದ ಇನ್ನೊಂದು ಪ್ರತಿಯನ್ನು ನೋಡಿ 1996ರಲ್ಲಿ ಆ ಬಗ್ಗೆ ಪುಸ್ತಕ ಬರೆದವರು ನಾರ್ಮನ್ ಸ್ಯೋಮನ್ ಎಂಬ ವಿದೇಶೀಯರು. ಅವರನ್ನು ದೂರಲು ಏನೂ ಇಲ್ಲ. ಅವರು ಕೇಳಿದರು, ನಾವು ಕೇಳಲಿಲ್ಲ.

ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲೂ ಹೀಗೆಯೇ. ಮಿಷನರಿ ಹೆರ್ಮನ್ ಗುಂಡರ್ಟ್ ಸಂಗ್ರಹಿಸಿದ ಮಲಯಾಳಂ ಹಸ್ತಪ್ರತಿಗಳು ಅಲ್ಲಿವೆ ಎಂಬುದು 1980ರ ದಶಕದಲ್ಲಿ ವಿದ್ವಾಂಸರ ಕಣ್ಣಿಗೆ ಬಿತ್ತು. 2018ರಿಂದ ಆ ಸಂಗ್ರಹವನ್ನು, ಅದರಲ್ಲಿರುವ ಕನ್ನಡ ತುಳು ಪುಸ್ತಕಗಳ ಸಮೇತ, ಹಾಸ್ಟೆಲ್ ಕೋಣೆಯಲ್ಲಿ ಕೂತೇ ಅಂತರ್ಜಾಲದಲ್ಲಿ ನೋಡಬಹುದು. ನೋಡಿ, ಆದರೆ ಪರದೆಯಲ್ಲೇ ನಿಲ್ಲಬೇಡಿ. ಓಲೆಯ ದಪ್ಪ, ದಾರದ ತೂತು, ನಡುವೆ ಬೇರೆ ಕೈ ಬರೆದು ಸೇರಿಸಿದ ಎಲೆ, ಇವು ಕೈಯಲ್ಲಿ ಹಿಡಿದಾಗಲೇ ಸರಿಯಾಗಿ ತಿಳಿಯುವುದು.

ಕೊನೆಗೆ ನಿಮ್ಮ ಅಜ್ಜಿಮನೆಯ ಅಟ್ಟದ ವಿಷಯ. ಅಲ್ಲಿ ಓಲೆಕಟ್ಟೋ, ಹುಣಿಸೆಬೀಜದ ಅಂಟೂ ಇದ್ದಿಲೂ ಬಳಿದ ಬಟ್ಟೆಯ ಕಡತವೋ ಇದ್ದರೆ, ಪೂಜೆಯ ದಿನ ಅದಕ್ಕೆ ಅರಿಸಿನ ಕುಂಕುಮ ಹಚ್ಚುವುದನ್ನು, ನೀರು ಚಿಮುಕಿಸುವುದನ್ನು ನಿಲ್ಲಿಸಿ. ಅಂಟಿಕೊಂಡ ಎಲೆಗಳನ್ನು ಉಗುರು ಹಾಕಿ ಬಿಡಿಸಬೇಡಿ. ಹಳತಾಯಿತೆಂದು ಹೊಳೆಗೆ ಬಿಡುವ ಮಾತು ಯಾರಾದರೂ ಎತ್ತಿದರೆ ಜಗಳವಾಡಿಯಾದರೂ ತಡೆಯಿರಿ. ಭಂಡಾರಕ್ಕೆ ಕೊಡಲು ಮನೆಯವರು ಒಪ್ಪಿದರೆ ಕೊಡಿ. ಒಪ್ಪದಿದ್ದರೆ ಒತ್ತಾಯ ಬೇಡ, ಪ್ರತಿ ಎಲೆಯ ಎರಡೂ ಮಗ್ಗುಲಿನ ಚಿತ್ರ ತೆಗೆಸಿ, ಯಾವ ಊರು, ಯಾವ ಮನೆತನ ಎಂದು ಬರೆದು ಜೊತೆಗಿಡಿ.